ಅಡುಗೆಮನೆಯಿಂದ ಒಂದು ಒನ್ಸ್ ಮೋರ್

ವಾದಿ ಕಬೀರ್, ಮಸ್ಕತ್
28 ನವೆಂಬರ್ 1986, ಶುಕ್ರವಾರ

ಮಹಾಜನಗಳೇ! ಗದಗಿನ ನಮ್ಮ ಅತ್ತೆಯವರ ಅಂಗಳದಲ್ಲಿ ನೆರೆದ ಹಿರಿಯರೇ, ಗೋಡೆಗೆ ಆತು ಕುಳಿತ ತಾಯಂದಿರೇ, ನಾಟಕ ಕಂಪನಿಯ ಬಣ್ಣವನ್ನು ಇನ್ನೂ ಕಿವಿಯ ಹಿಂದೆ ಉಳಿಸಿಕೊಂಡಿರುವ ನನ್ನ ಹಳೆಯ ಗೆಳೆಯರೇ! ನನ್ನ ಕಾಗದ ಬಂತೆಂದರೆ ಓಣಿಗೆ ಓಣಿಯೇ ಸೇರುತ್ತದೆಂದು ಬಲ್ಲೆ. ಮೂರನೇ ಗಂಟೆ ಬಾರಿಸಿಯಾಯಿತು, ಪರದೆ ಏಳುತ್ತಿದೆ. ಓದುವವರು ಯಾರೇ ಇರಲಿ, ಹೊಟ್ಟೆಯೊಳಗಿನಿಂದ ದನಿ ತೆಗೆದು ಓದಲಿ. ಕಟ್ಟಕಡೆಯ ಸಾಲಿಗೂ ಕೇಳಬೇಕು.

ಮುಂದಿನ ಸಾಲಿನ ನಡುವೆ ಕುಳಿತ ನನ್ನ ಅತ್ತೆ ನಾಗವ್ವನವರ ಪಾದಗಳಿಗೆ ಅಳಿಯ ಭೀಮರಾಯನ ಸಾಷ್ಟಾಂಗ ನಮಸ್ಕಾರಗಳು.

ಅತ್ತೆ, ನಿಮ್ಮ ಕಾಗದ ಮುಟ್ಟಿತು. "ಎಣ್ಣಿ ಧಾರಣಿ ಬಿದ್ದೈತಂತ, ಕಂಪನಿಯವರು ಹೆಣ್ಣುಮಕ್ಕಳನ್ನ ಊರಿಗೆ ಅಟ್ಟಾಕತ್ತಾರಂತ. ನನ್ನ ಮಗಳನ್ನ ಕಳಿಸಿಬಿಡು ಭೀಮರಾಯ, ನಾಕು ಗೋಡಿ ನಡುವ ಗೊಂಬಿ ಇಟ್ಟಂಗ ಇಟ್ಟಿದ್ದು ಸಾಕು" ಎಂದು ಬರೆಸಿದ್ದೀರಿ. ನೀವು ಕೇಳಿದ ಸುದ್ದಿ ನಿಜ. ಎಣ್ಣೆಯ ಬೆಲೆ ಬಿದ್ದಿದೆ, ಒಳನಾಡಿನ ಬಾವಿಗಳ ಹತ್ತಿರ ಯಂತ್ರಗಳು ಸುಮ್ಮನೆ ನಿಂತಿವೆ. ನಮ್ಮ ಕಂಪನಿಯೂ ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡಲು ಹೇಳಿ, ನಿಮ್ಮ ಮಗಳು ಕಸ್ತೂರಿಯ ಕೈಗೆ ಮುಂಬಯಿಯ ಟಿಕೆಟ್ ಇಟ್ಟಿತು. ನನ್ನನ್ನು ಇಬ್ರಿ ಎಂಬ ಊರಿಗೆ ಹಾಕಿದ್ದಾರೆ. ಜವಾಬ್ದಾರಿಯ ಹುದ್ದೆ. ಅದು ಹಾಗಿರಲಿ.

ಟಿಕೆಟ್ ಬಂದ ದಿನವೇ ನಿಮ್ಮ ಮಗಳು ಟ್ರಂಕು ಎಳೆದು ಸೀರೆಗಳನ್ನು ಮಡಚಿಟ್ಟಳು. ಅಳಲಿಲ್ಲ, ಜಗಳವಾಡಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. "ನಿನಗ ಇಲ್ಲೇ ಇರಬೇಕನಸ್ತದೋ, ಹೋಗಬೇಕನಸ್ತದೋ?" ಎಂದು ಕೇಳಿದರೆ, "ನನಗೇನ್ ಅನಸೂದ್ರಿ, ನೀವು ಹೆಂಗಂತೀರಿ ಹಂಗ" ಎಂದಳು. ಅತ್ತೆ, ಇವಳೇನು ಆ ಕಸ್ತೂರಿ? ಪೇಟಿ ಮಾಸ್ತರರಾಗಿ ಹಾರ್ಮೋನಿಯಂ ಬಾರಿಸುತ್ತಿದ್ದ ಮಾವನವರ ಪಕ್ಕದಲ್ಲಿ ಕುಳಿತು, ತುಂಬಿದ ಥಿಯೇಟರಿನ ಎದುರು, ರಂಗದ ಮೇಲಿನ ರಾಜನಿಗೇ "ಸ್ವರ ಇಳೀತು!" ಎಂದು ಕೂಗಿದ ಹುಡುಗಿ? ಆ ರಾಜ ನಾನು. ಕಿರೀಟ ತೊಟ್ಟುಕೊಂಡೇ ಅವಳಿಗೆ ಸೋತಿದ್ದೆ. ಅಂಥವಳು ಈಗ ಏನೂ ಬೇಡವೆನ್ನುತ್ತಾಳೆ! ಗೋಡೆಯಾಚೆಯ ಮಲಯಾಳಿ ನೆರೆಯವನು ನಮ್ಮ ಗದ್ದಲಕ್ಕೆ ಗೋಡೆ ಕುಟ್ಟುತ್ತಿದ್ದ. ದಸರೆಯಿಂದೀಚೆಗೆ ಅವನೂ ಕುಟ್ಟುತ್ತಿರಲಿಲ್ಲ. ನಮ್ಮ ಮನೆ ಅಷ್ಟು ತಣ್ಣಗಾಗಿತ್ತು. ಇವಳು ಹೀಗೇ ವಿಮಾನ ಹತ್ತಿದರೆ ಗದಗಿನಲ್ಲಿ ಇಳಿಯುವುದು ಬರೀ ಟ್ರಂಕು ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಇಂಥ ಹೊತ್ತಿನಲ್ಲಿ ರಂಗಪ್ರವೇಶ ಮಾಡಿದವರು ರೋಸಲಿಂಡ್ ಬಾಯಿ! ನನ್ನ ಆಫೀಸಿನ ಬಾಸಿಲ್ ಸಾಹೇಬರ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸ್, ಮದೀನತ್ ಸುಲ್ತಾನ್ ಖಾಬೂಸ್ ಎಂಬ ಬಡಾವಣೆಯಲ್ಲಿ ವಾಸ. ಕೊಂಕಣದ ಯಹೂದಿಗಳು, ಮನೆಮಾತು ಮರಾಠಿ. ಅವರ ಹಿಂದಿನವರು ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರಂತೆ, ಶನಿವಾರ ಬಂದರೆ ಗಾಣಕ್ಕೆ ರಜೆಯಂತೆ. "ಎಣ್ಣೆ ನಮ್ಮನ್ನು ಕೈಬಿಡುತ್ತಿರುವುದು ಇದು ಎರಡನೇ ಸಲ" ಎಂದು ಬಾಸಿಲ್ ನಗುತ್ತಾರೆ.

ಇಲ್ಲಿ ಇಂಥ ಮನೆಗಳು ಬೆರಳೆಣಿಕೆಯಷ್ಟು. ಆ ಹೆಂಗಸರು ಶನಿವಾರ ಸೂರ್ಯ ಮುಳುಗಿದ ಮೇಲೆ ಒಂದೆಡೆ ಸೇರುತ್ತಾರೆ. ಈಗ ಒಬ್ಬೊಬ್ಬರಾಗಿ ಊರಿಗೆ ಹೊರಡುತ್ತಿರುವುದರಿಂದ ಉಳಿದವರ ಮುಖ ಬಾಡಿತ್ತು. ಅದಕ್ಕೇ ಕಳೆದ ಶನಿವಾರ ರೋಸಲಿಂಡ್ ಬಾಯಿ ಒಂದು ವಿಷಯ ಇಟ್ಟು ಕೂಟ ಕರೆದರು: ನಾನು ಬೆಳಿಗ್ಗೆ ಏಳುವುದು ಯಾತಕ್ಕೆ, ಯಾವುದು ಸಿಕ್ಕರೆ ನನಗೆ ನಗು ಬರುತ್ತದೆ? ಪ್ರತಿಯೊಬ್ಬಳೂ ಹೇಳಬೇಕು. ಅತಿಥಿಯಾಗಿ ಬಂದ ಹೊರಗಿನವಳೂ ಹೇಳಬೇಕು. ಸಾಂಗಲಿ, ಮಿರಜದ ನಾಟಕದ ಕ್ಯಾಂಪುಗಳಲ್ಲಿ ಬೆಳೆದ ಕಸ್ತೂರಿಗೆ ಮರಾಠಿ ಬರುತ್ತದೆಂದು ಅವಳಿಗೂ ಕರೆ ಬಂತು.

ನನಗೂ ಬಂತು. ಅಡುಗೆಮನೆಗೆ! ಮಾತುಕತೆ ಹೆಂಗಸರದ್ದು, ಗಂಡಸರ ಪಾಲಿಗೆ ಕಾಯಿ ತುರಿಯುವುದು. ಕೂಟದ ಕೊನೆಗೆ ಅವರು ಮಲಿದಾ ಹಂಚುತ್ತಾರೆ. ನೆನೆಸಿದ ಅವಲಕ್ಕಿಗೆ ಸಕ್ಕರೆ, ಏಲಕ್ಕಿ, ಕಾಯಿತುರಿ ಕಲಸಿ, ಸುತ್ತ ಹಣ್ಣು ಜೋಡಿಸಿ, ಏಲಿಯಾ ಪ್ರವಾದಿಯನ್ನು ನೆನೆದು ದೇವರ ಉಪಕಾರ ಹೇಳುವ ತಟ್ಟೆ ಅದು. ಬೇಡಿಕೊಂಡದ್ದು ಕೈಗೂಡಿದ ಮೇಲೆ ಮಾಡುವುದು ವಾಡಿಕೆ. "ನಮಗೆ ಏನು ಕೈಗೂಡಿದೆ ಎಂದು ಮಲಿದಾ?" ಎಂದು ಯಾರೋ ಕೇಳಿದ್ದಕ್ಕೆ ರೋಸಲಿಂಡ್ ಬಾಯಿ, "ಈ ಸಲ ತಟ್ಟೆ ಮೊದಲು ಇಡೋಣ, ಕೊಡುವವನಿಗೆ ಸ್ವಲ್ಪ ಅವಸರವಾಗಲಿ" ಎಂದುಬಿಟ್ಟರು.

ಪ್ರೇಕ್ಷಕರೇ, ದೃಶ್ಯ ಕಣ್ಣಿಗೆ ತಂದುಕೊಳ್ಳಿ. ಮನೆಯ ಹಾಲ್‌ನಲ್ಲಿ ಹೆಂಗಸರು. ನಡುವೆ ಒಂದು ಹೂವಿನ ಪರದೆ. ಪರದೆಯ ಈಚೆ ಹಣ್ಣು ಹೆಚ್ಚುತ್ತ ಬಾಸಿಲ್ ಸಾಹೇಬರು, ಈಳಿಗೆಮಣೆ ಮೇಲೆ ನಿಮ್ಮ ಭೀಮರಾಯ. "ಕೆಮ್ಮು ಬಂದರೂ ನುಂಗಬೇಕು" ಎಂದು ರೋಸಲಿಂಡ್ ಬಾಯಿಯ ಅಪ್ಪಣೆ. ನಾನು! ಮೈಕ್ ಇಲ್ಲದೆ ಹುಬ್ಬಳ್ಳಿಯ ಗ್ಯಾಲರಿ ನಡುಗಿಸಿದವನು!

ಒಳಗೆ ಮಾತು ಶುರುವಾಯಿತು. ಒಬ್ಬಳು ಬಾಲ್ಕನಿಯ ಡಬ್ಬದಲ್ಲಿ ಮೆಂತ್ಯ ಮೊಳೆತ ಸಂತೋಷ ಹೇಳಿದಳು. ಇನ್ನೊಬ್ಬಳು, ಗಂಡ ಮನೆಯಲ್ಲಿಲ್ಲದಾಗ ಚಹಾ ಕುಡಿಯುವುದೇ ಸಂತೋಷ ಎಂದಳು. ಬಾಸಿಲ್ ನನ್ನ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ಕಸ್ತೂರಿಯ ಸರದಿ. ತುರಿಯುವುದನ್ನು ನಿಲ್ಲಿಸಿ ಕಿವಿ ಇಟ್ಟೆ. "ನನ್ನದೇನೂ ಇಲ್ಲ ಬಾಯಿ" ಎಂದಳು ಮರಾಠಿಯಲ್ಲಿ. "ನಮ್ಮಪ್ಪ ಪೇಟಿ ಬಾರಿಸುತ್ತಿದ್ದರು. ನಾನು ಕೇಳುತ್ತಿದ್ದೆ. ಅಷ್ಟೇ."

ರೋಸಲಿಂಡ್ ಬಾಯಿ ಬಿಡುವ ಹೆಂಗಸಲ್ಲ. ಮೂಲೆಯಲ್ಲಿ ಬಟ್ಟೆ ಹೊದ್ದು ಒಂದು ಹಾರ್ಮೋನಿಯಂ ಕುಳಿತಿತ್ತು. ಅದು ಲಿಲ್ಲಿ ಎಂಬಾಕೆಯದು. ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಸಂಗೀತದ ಟೀಚರ್ ಆಗಿದ್ದಳು, ಕೂಟದ ಮರಾಠಿ ಕೀರ್ತನೆಗೂ ಅವಳೇ ಬಾರಿಸುವವಳು. ಗಂಡನ ಕೆಲಸ ಹೋಗಿ ಹಿಂದಿನ ವಾರವಷ್ಟೇ ಪೇಟಿ ಇಲ್ಲೇ ಬಿಟ್ಟು ಊರಿಗೆ ಹೋಗಿದ್ದಳು. "ಪೇಟಿ ಬಾರಿಸುವವರಿಲ್ಲದೆ ಇವತ್ತು ಕೀರ್ತನೆ ಇಲ್ಲ. ಕೇಳಿ ಕಲಿತದ್ದನ್ನು ಮುಟ್ಟಿ ನೋಡು ಮಗಾ" ಎಂದು ರೋಸಲಿಂಡ್ ಬಾಯಿ ಬಟ್ಟೆ ಸರಿಸಿದ ಸದ್ದು ಕೇಳಿಸಿತು.

ಮೊದಲು ತಿದಿಯ ಉಸಿರು. ಒಂದು ಸ್ವರ, ಅಂಜುತ್ತ. ಹೆಂಗಸರು ಏಲಿಯಾ ಪ್ರವಾದಿ ಬೆಂಕಿಯ ರಥವೇರಿ ಆಕಾಶಕ್ಕೆ ಹೋದ ಕಥೆ ಎತ್ತಿಕೊಂಡರು. ಕಸ್ತೂರಿಗೆ ಹೊಸ ಕಥೆ, ಹೊಸ ಧಾಟಿ. ಮೊದಲ ಸಾಲಿಗೆ ಹಿಂದೆ ಬಿದ್ದಳು, ಎರಡನೆಯದಕ್ಕೆ ಜೊತೆಗೆ ಬಂದಳು, ಮೂರನೆಯದಕ್ಕೆ, ಅಯ್ಯೋ ನನ್ನ ಅತ್ತೆ, ಮುಂದೆ ಹೋಗಿಬಿಟ್ಟಳು! ಮಾವನವರ ಬೆರಳಿನ ಓಟ! ಯುದ್ಧದ ಸೀನಿಗೆ ಅವರು ಹಾಕುತ್ತಿದ್ದ ಅದೇ ಏರು! ಸ್ವರ ಮೇಲೇರಿತು, ಹೆಂಗಸರ ದನಿ ಅದರ ಬೆನ್ನು ಹತ್ತಿತು, ಎಲ್ಲರಿಗಿಂತ ಮೇಲೆ ನಿಮ್ಮ ಮಗಳ ಕಂಠ. ಇಳಿದ ಸ್ವರಗಳನ್ನೆಲ್ಲ ಎತ್ತಿಕೊಂಡು ರಥ ಮುಗಿಲು ಮುಟ್ಟಿತು. ಪೇಟಿ ನಿಂತಿತು.

ನಾನು ಯಾರೆಂಬುದು, ಎಲ್ಲಿದ್ದೇನೆಂಬುದು ಮರೆತೇಹೋಯಿತು. ಕೈಯಲ್ಲಿ ಕಾಯಿಹೋಳು ಹಿಡಿದೇ ಎದ್ದು ನಿಂತು, ಎದೆ ಬಿರಿಯುವಂತೆ ಕೂಗಿದೆ:

"ಒನ್ಸ್ ಮೋರ್!"

ಗಾಜಿನ ಲೋಟಗಳು ಗಲಗಲ ಎಂದವು. ಪರದೆ ಸರಿಯಿತು. ರೋಸಲಿಂಡ್ ಬಾಯಿ ಕಣ್ಣು ಕೆಂಪಗೆ ಮಾಡಿ, "ಬಾಸಿಲ್, ಒಳಗೆ ಎಷ್ಟು ಜನರನ್ನು ಕೂರಿಸಿಕೊಂಡಿದ್ದೀಯ?" ಎಂದರು. "ಒಬ್ಬನೇ" ಎಂದರು ಬಾಸಿಲ್. "ಗಂಟಲು ಮಾತ್ರ ಇಡೀ ನಾಟಕ ಕಂಪನಿಯದು."

ಆಗ ಹಿಂದಿನಿಂದ ಕನ್ನಡದಲ್ಲಿ ಒಂದು ಸಿಡಿಗುಂಡು ಬಂತು. "ಗ್ಯಾಲರಿಯವರು ಕುಂತು ಕೇಳ್ರಿ! ಕಾಯಿ ತುರಿಯಾಕ ಬಂದವರಿಗೆ ಒನ್ಸ್ ಮೋರ್ ಹೊಡಿಯೂ ಹಕ್ಕಿಲ್ಲ!"

ಕಸ್ತೂರಿ ನಗುತ್ತಿದ್ದಳು. ತಲೆ ಹಿಂದಕ್ಕೆ ಚೆಲ್ಲಿ, ಪೇಟಿಯ ಮೇಲೆ ಕೈಯಿಟ್ಟು ನಗುತ್ತಿದ್ದಳು. ಮರಾಠಿಯವರಿಗೆ ಮಾತು ಅರ್ಥವಾಗದಿದ್ದರೂ ನಗು ಅರ್ಥವಾಯಿತು. ಹಾಲಿಗೆ ಹಾಲೇ ನಕ್ಕಿತು. ಆಮೇಲೆ ಅವಳು ತಾನಾಗಿಯೇ ಮತ್ತೊಮ್ಮೆ ಹಾಡಿದಳು. ಒನ್ಸ್ ಮೋರ್ ಸಂದಾಯವಾಯಿತು!

ಆ ಹೆಂಗಸರ ನಡುವೆ ಇಸಾಬೆಲ್ಲಾ ಎಂಬವರಿದ್ದರು, ಲಿಲ್ಲಿ ಕಲಿಸುತ್ತಿದ್ದ ಶಾಲೆಯ ದೊಡ್ಡ ಬಾಯಿ, ಅಂದರೆ ಹೆಡ್‌ಮಿಸ್ಟ್ರೆಸ್. ಲಿಲ್ಲಿಯ ಜಾಗ ಖಾಲಿಯಿದೆ, ಟೀಚರುಗಳಿಗೆ ಶಾಲೆಯ ಹಿಂದೆಯೇ ಕೋಣೆ ಇದೆ ಎಂದು ಹೇಳಿ, "ನಿನಗೆ ಬೇಕೇ?" ಎಂದು ಕೇಳಿದರು. ಕಸ್ತೂರಿ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಎಲ್ಲ ಕೆಡುತ್ತಿತ್ತು. ಪೇಟಿಯನ್ನು ನೋಡುತ್ತ, "ಬೇಕು. ನನಗ ಬೇಕು" ಎಂದಳು. ಅವಸರಕ್ಕೆ ಮರಾಠಿ ಮರೆತು ಕನ್ನಡದಲ್ಲೇ ಹೇಳಿದಳು!

ರೋಸಲಿಂಡ್ ಬಾಯಿ ಮಲಿದಾದ ತಟ್ಟೆ ಎತ್ತಿಕೊಂಡು, "ನೋಡಿದಿರಾ, ತಟ್ಟೆ ಹಂಚುವ ಮೊದಲೇ!" ಎಂದು ಪ್ರಾರ್ಥನೆ ಹೇಳಿ ಮೊದಲ ಮುಷ್ಟಿಯನ್ನು ಕಸ್ತೂರಿಯ ಕೈಗೆ ಹಾಕಿದರು. ಅಷ್ಟು ರುಚಿಯ ಅವಲಕ್ಕಿಯನ್ನು ನಾನು ಎಂದೂ ತಿಂದಿಲ್ಲ. ಕಾಯಿ ನಾನೇ ತುರಿದದ್ದು.

ಈ ವಾರ ಇಸಾಬೆಲ್ಲಾ ಬಾಯಿ ಕಚೇರಿಗಳ ಓಡಾಟ ಮುಗಿಸಿ ಕಸ್ತೂರಿಯ ವೀಸಾವನ್ನು ಶಾಲೆಯ ಹೆಸರಿಗೆ ಬರೆಸಿಕೊಂಡರು. ಟಿಕೆಟ್ ಮರಳಿಸಿಯಾಯಿತು. ಅತ್ತೆ, ಮಗಳ ದಾರಿ ಕಾಯುತ್ತ ಗದಗಿನ ಸ್ಟೇಷನ್ನಿಗೆ ಹೋಗಬೇಡಿ. ಮಾವನವರ ಫೋಟೋಕ್ಕೆ ಒಂದು ಮಾಲೆ ಹಾಕಿ, ನಿಮ್ಮ ಪೇಟಿ ಈಗ ಒಮಾನಿನಲ್ಲಿ ನುಡಿಯುತ್ತಿದೆ ಎಂದು ಹೇಳಿ.

ನಿಮ್ಮ ಆಶೀರ್ವಾದ ಬೇಡುವ ಅಳಿಯ,
ಭೀಮರಾಯ

ತಾ.ಕ.: ಅತ್ತೆ, ಇದನ್ನು ಓದುವವರು ಸ್ವಲ್ಪ ದನಿ ತಗ್ಗಿಸಲಿ. ಇಬ್ರಿಯ ಹುದ್ದೆಯ ವಿಷಯ ನಾನು ಮೇಲೆ ಬಣ್ಣ ಹಚ್ಚಿ ಬರೆದೆ. ನನ್ನ ಕೆಲಸ ದಸರೆಗೇ ಹೋಯಿತು. ಬಾಸಿಲ್ ಸಾಹೇಬರು ಹೇಳಿ ಇಬ್ರಿಯ ಒಂದು ಗ್ಯಾರೇಜಿನಲ್ಲಿ ಜಾಗ ಕೊಡಿಸಿದ್ದಾರೆ. ಗಾಡಿಗಳ ವೈರಿಂಗ್ ಕೆಲಸ, ಗಂಡಸರ ಕೋಣೆಯಲ್ಲಿ ವಾಸ. ಕಸ್ತೂರಿಗೆ ಹೇಳಿರಲಿಲ್ಲ. ಆ ಶನಿವಾರ ಮನೆಗೆ ಬರುವಾಗ ಅವಳೇ, "ಗ್ಯಾರೇಜ್ ಕೆಲಸ ಅಂದ್ರ ಸಣ್ಣದೇನ್ರಿ?" ಎಂದಳು. ಯಾರು ಹೇಳಿದರು ಎಂದೆ. "ನಿಮ್ಮ ದನಿ ಹೇಳ್ತು. ದಸರಾದಿಂದ ಮನ್ಯಾಗ ಮೆಲ್ಲಕ ಮಾತಾಡಾಕ ಹತ್ತಿದ್ರಿ. ಕೆಲಸ ಹೋಗೇತಿ ಅಂತ ಬಾಸಿಲ್ ಸಾಹೇಬ್ರನ್ನ ಕೇಳಿ ಖಾತ್ರಿ ಮಾಡಿಕೊಂಡೆ. ನಾ ಇರ್ತೀನಂದ್ರ ನಿಮಗ ಭಾರ ಅಂತ ಟ್ರಂಕು ಕಟ್ಟಿದೆ. ಇವತ್ತು ಆ ಒನ್ಸ್ ಮೋರ್ ಕೇಳಿದ ಮ್ಯಾಲ, ನನ್ನ ಗಂಡ ತಿರುಗಿ ಬಂದ ಅನಿಸ್ತು."

ಪೇಟಿಯನ್ನು ರೋಸಲಿಂಡ್ ಬಾಯಿ ನಮ್ಮ ಮನೆಗೆ ಕಳಿಸಿದ್ದಾರೆ. ಈಗ ಕಸ್ತೂರಿ ಬಾರಿಸುತ್ತಿದ್ದಾಳೆ, ನಾನು ತಾಳ ಹಾಕುತ್ತ ಬರೆಯುತ್ತಿದ್ದೇನೆ, ಮಲಯಾಳಿ ಮಹಾಶಯ ಗೋಡೆ ಕುಟ್ಟುತ್ತಿದ್ದಾನೆ. ನಾಳೆ ಬೆಳಿಗ್ಗೆ ಈ ಪೇಟಿಯನ್ನು ತಲೆಯ ಮೇಲೆ ಹೊತ್ತು, ನಿಮ್ಮ ಮಗಳ ಹಿಂದೆ ನಡೆದು ಶಾಲೆಯ ಬಾಗಿಲಿನಲ್ಲಿ ಇಳಿಸುತ್ತೇನೆ. ಅಲ್ಲಿ ನಿಂತು ಮಸ್ಕತಿನ ಗುಡ್ಡಗಳಿಗೆಲ್ಲ ಕೇಳುವಂತೆ ಒಂದು ಒನ್ಸ್ ಮೋರ್ ಕೂಗಿ, ಇಬ್ರಿಯ ಬಸ್ ಹತ್ತುತ್ತೇನೆ.