ಕಾರಿನಿಂದ ಇಳಿಯದ ಹೆಂಗಸಿನ ಹಾಡು

ಮೇ 10, ಶನಿವಾರ

ಮಗಳ ಆ ಮಾತು ಹೊಗಳಿಕೆಯೋ ದೂರೋ, ಇನ್ನೂ ತಿಳಿಯುತ್ತಿಲ್ಲ.

ಎಂದಿನಂತೆ ಮಗಳು ಮಾಳವಿಕಾಳನ್ನು ಸೌತ್‌ಫೀಲ್ಡ್‌ಗೆ, ಅವಳಪ್ಪನ ಮನೆಗೆ ಬಿಡಲು ಹೋಗಿದ್ದೆ. ದಾರಿಯುದ್ದಕ್ಕೂ ಅವಳ ಮೆಚ್ಚಿನ ಬ್ರಿಟಿಷ್ ರಾಕ್ ಬ್ಯಾಂಡಿನ ಹೊಸ ಆಲ್ಬಮ್. ಗಿಟಾರಿನ ಗದ್ದಲದಲ್ಲಿ ನನಗೆ ಪದಗಳೇ ಸಿಗಲಿಲ್ಲ. ಕೊನೆಯ ಹಾಡಿಗೆ ಸದ್ದು ಹೆಚ್ಚಿಸಿ, "ಅಮ್ಮಾ, ದಿಸ್ ಒನ್ ಈಸ್ ಯು," ಅಂದಳು. ಅಷ್ಟರಲ್ಲಿ ಮನೆ ಬಂತು, ಇಳಿದು ಹೋದಳು.

ಅಲ್ಲೇ ಕೂತು ಮತ್ತೆ ಕೇಳಿದೆ. ಮಗುವನ್ನು ಬಾಗಿಲವರೆಗೆ ಕಳಿಸಿ, ತಾನು ಮಾತ್ರ ಕಾರಿನಿಂದ ಇಳಿಯದ ಹೆಂಗಸಿನ ಹಾಡು.

ಅವಳಪ್ಪ ಶ್ರೀವತ್ಸ ಬಂದು ಕಾರಿನ ಕಿಟಕಿ ತಟ್ಟಿದ. "ಯಾಕೆ, ಗಾಡಿ ಸ್ಟಾರ್ಟ್ ಆಗ್ತಿಲ್ವಾ?"

"ಇಲ್ಲ, ಹಾಡು ಕೇಳ್ತಿದ್ದೆ."

"ಕಾಫಿ ಮಾಡ್ತಿದೀನಿ. ಒಳಗೆ ಬಾ."

ವಿಚ್ಛೇದನದ ನಂತರ ಹಾಗೆ ಕರೆದದ್ದು ಇದೇ ಮೊದಲು. ಬೇಡ ಅನ್ನಲೆಂದೇ ಬಾಯಿ ತೆರೆದೆ. ಬಾಗಿಲಲ್ಲಿ ನಿಂತು ಮಾಳವಿಕಾ ನೋಡುತ್ತಿದ್ದಳು. ಇಳಿದುಬಿಟ್ಟೆ.

ಕಾಫಿಗೆ ಸಕ್ಕರೆ ಹೆಚ್ಚಾಗಿತ್ತು. ಹೊರಡುವಾಗ ಶ್ರೀವತ್ಸ, ಮುಂದಿನ ವಾರವೂ ಬಾ ಅನ್ನಲಿಲ್ಲ.

ಚಪ್ಪಲಿ ಕಣ್ಣೆದುರೇ ಇತ್ತು. ಮತ್ತೇಕೆ ಅಷ್ಟು ಹೊತ್ತು ಬಾಗಿಲಲ್ಲಿ ಹುಡುಕುತ್ತಾ ನಿಂತಿದ್ದೆನೋ, ನನಗೇ ಗೊತ್ತಿಲ್ಲ.