ಒಪ್ಪಿಗೆ ಪತ್ರ ಓದಿ ಹೇಳಿದವನ ತಕರಾರು

ಮಕ್ಕಳ ಕ್ಯಾನ್ಸರ್ ಆಸ್ಪತ್ರೆಯ ಮುಖ್ಯಸ್ಥರಾದ ಮಾನ್ಯರೇ,

ನನ್ನಂಥವನನ್ನು ನಂಬಿದ್ದು ನಿಮ್ಮ ಆಸ್ಪತ್ರೆಯ ತಪ್ಪು. ವಿತ್ ಡ್ಯೂ ರೆಸ್ಪೆಕ್ಟ್ ಹೇಳುತ್ತಿದ್ದೇನೆ. ಕಾಲೇಜಿನಿಂದ ನನ್ನ ಜೊತೆ ಉಳಿದು ಬಂದ ಇಂಗ್ಲಿಷಿನಲ್ಲಿ ಅರ್ಧ ಇದೇ.

ನನ್ನ ಮೊಮ್ಮಗಳಿಗೆ ಏಳು ವರ್ಷ. ಹೊಟ್ಟೆಯೊಳಗಿನ ಗಡ್ಡೆ ಎರಡು ಬಗೆಯ ಚಿಕಿತ್ಸೆಗೂ ಜಗ್ಗಲಿಲ್ಲ. ಕಡೆಗೆ ಹೆಚ್ಚಿನ ಪ್ರಮಾಣದ ಕೀಮೋ ಕೊಡೋಣವೆಂದು ನಿಮ್ಮ ವೈದ್ಯರು ನಾಲ್ಕು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರ ಕೊಟ್ಟರು. ನನ್ನ ಮಗಳು ಅದನ್ನು ತಿರುವಿಹಾಕಿ, "ಅಪ್ಪಾ, ಏನಿದೆ ಇದರಲ್ಲಿ?" ಎಂದಳು. "ತಾತ ಓದಿರೋರು, ಹೇಳ್ತಾರೆ ಬಿಡಿ" ಎಂದರು ನರ್ಸಮ್ಮ. ಉಬ್ಬಿಹೋದೆ. ಕನ್ನಡಕ ಒರೆಸಿಕೊಂಡೆ. ವಾಂತಿ, ಕೂದಲು ಉದುರುವುದು, ಬಾಯಿ ಹುಣ್ಣು, ಸೋಂಕು, ಇಷ್ಟನ್ನು ಸಲೀಸಾಗಿ ದಾಟಿದೆ. ಮೂರನೇ ಪುಟದಲ್ಲಿ 'ಒಟೊಟಾಕ್ಸಿಸಿಟಿ' ಎಂಬುದೊಂದು ಅಡ್ಡ ನಿಂತಿತು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಸಣ್ಣಪುಟ್ಟದ್ದಮ್ಮ, ಆಮೇಲೆ ಹೋಗುತ್ತೆ" ಎಂದೆ. 'ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ' ಎಂಬಲ್ಲಿ ಉದ್ದನೆಯ ಸಹಿಯನ್ನೂ ಎಳೆದೆ. "ನಿಮಗೆ ಎಲ್ಲಾ ಗೊತ್ತು, ಗೊತ್ತಿಲ್ಲ ಅನ್ನೋದೊಂದು ಬಿಟ್ಟು" ಎನ್ನುತ್ತಿದ್ದಳು ನನ್ನವಳು. ಅವಳು ಹೋಗಿ ಆರು ವರ್ಷ. ಇದ್ದಿದ್ದರೆ ಪೆನ್ನು ಕಿತ್ತುಕೊಳ್ಳುತ್ತಿದ್ದಳು.

ಬಾಯಿ ತುಂಬ ಹುಣ್ಣಾಗಿ ಮಗು ಎಂಟು ದಿನ ಗುಟುಕು ನೀರಿಗೂ ಅತ್ತಿತು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ಮನೆಗೆ ಬಂದ ಮೇಲೆ ಜ್ವರ ನೋಡುವುದು ತಾತ-ಮೊಮ್ಮಗಳು ನಮ್ಮಿಬ್ಬರ ಕೆಲಸ. ನಾನು ಥರ್ಮಾಮೀಟರನ್ನು ಅವಳ ಕಂಕುಳಲ್ಲಿಡುವುದು, ಅದು ಬೀಪ್ ಎಂದಾಗ ಅವಳು "ಆಯ್ತು ತಾತ" ಎನ್ನುವುದು. ಬೀಪಿನ ಆ ಸಣ್ಣ ದನಿ ನನ್ನ ಮುದಿ ಕಿವಿಗೆ ಬೀಳುವುದಿಲ್ಲ. ಒಂದು ದಿನ ಹತ್ತು ನಿಮಿಷವಾದರೂ ಅವಳ ಬಾಯಿಂದ ಮಾತಿಲ್ಲ. "ನಾಟಕ ಮಾಡ್ತೀಯಾ?" ಎಂದು ಗದರಿದೆ. ಅಡುಗೆಮನೆಯಿಂದ ಮಗಳು, "ಥರ್ಮಾಮೀಟರ್ ಆಗಲೇ ಕೂಗಿ ಕೂಗಿ ಸುಮ್ಮನಾಯ್ತು, ಇಬ್ಬರಿಗೂ ಕಿವಿ ಕೇಳಲ್ವಾ?" ಎಂದಳು.

ಕೇಳುವುದಿಲ್ಲ, ಮಾನ್ಯರೇ. ನನ್ನದು ವಯಸ್ಸಿನದು, ಅವಳದು ಮೂರನೇ ಪುಟದ್ದು. ಔಷಧಿ ಕಿವಿಗೆ ವಿಷವಾಗುವುದು ಎಂಬುದೇ ಆ ಅಡ್ಡ ನಿಂತ ಪದದ ಅರ್ಥವಂತೆ. ಹೋದ ಸಣ್ಣ ದನಿಗಳು ಮತ್ತೆ ಬರುವುದಿಲ್ಲವೆಂದು ಪರೀಕ್ಷೆ ಮಾಡಿದವರು ಹೇಳಿದರು.

ಗೊತ್ತಿದ್ದರೂ ಸಹಿ ಹಾಕುತ್ತಿದ್ದೆವು. ಜೀವಕ್ಕಿಂತ ಕಿವಿ ದೊಡ್ಡದಲ್ಲ. ಆದರೆ ಕಿವಿ ಪರೀಕ್ಷೆ ಮಾಡಿ ಎಂದು ಮೊದಲೇ ಗಂಟುಬೀಳುತ್ತಿದ್ದೆವು. ಕರೆದರೆ ತಿರುಗದ ಮಗುವನ್ನು ಎರಡು ತಿಂಗಳು ಹಟಮಾರಿ ಎಂದು ನಾನು ಬೈಯುತ್ತಿರಲಿಲ್ಲ. ಔಷಧಿಯನ್ನು ಮಗುವಿನ ತೂಕ ನೋಡಿ ಹನಿ ಹನಿಯಾಗಿ ಅಳೆಯುವ ನೀವು, ಅದರ ಕೆಡುಕನ್ನು ಹೇಳುವ ಕೆಲಸವನ್ನು ಬಿ.ಎ. ಇಂಗ್ಲಿಷನ್ನು ಎರಡನೇ ಸಲಕ್ಕೆ ಪಾಸು ಮಾಡಿದವನಿಗೆ ಹೇಗೆ ಬಿಟ್ಟಿರಿ? ಸೂಜಿ ಚುಚ್ಚಲೂ ನನ್ನನ್ನೇ ಕರೆಯುವಿರಾ?

ನಿನ್ನೆ ತಪಾಸಣೆಗೆ ಬಂದಾಗ ಇಸ್ತ್ರಿ ಅಂಗಡಿ ನಡೆಸುವ ತಾಯಿಯೊಬ್ಬಳು ಅದೇ ನಾಲ್ಕು ಪುಟ ಹಿಡಿದು ಬಂದಳು. "ನರ್ಸಮ್ಮ ಕಳಿಸಿದ್ರು ತಾತ. ಮಗುಗೆ ನಾಲ್ಕು ವರ್ಷ. ಸೋಮವಾರ ಸಹಿ ಹಾಕ್ಬೇಕಂತೆ."

"ನನಗೆ ಬರಲ್ಲಮ್ಮ" ಎಂದೆ, ಜೀವಮಾನದಲ್ಲಿ ಮೊದಲ ಸಲ. ಅವಳು ನಂಬಲಿಲ್ಲ. "ದೊಡ್ಡೋರು ನೀವೇ ಹೀಗೆ ಜಾರ್ಕೊಂಡ್ರೆ ನಾನು ಯಾರನ್ನ ಕೇಳ್ಲಿ?" ಎಂದಳು.

ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಸೋಮವಾರದೊಳಗೆ ಬಲ್ಲವರೊಬ್ಬರು ಅವಳ ಪಕ್ಕದಲ್ಲಿ ಕುಳಿತು, ಅವಳ ಮಾತಿನಲ್ಲಿ, ನಾಲ್ಕೂ ಪುಟ ಓದಿ ಹೇಳಬೇಕು. ಮೊದಲ ಹನಿ ಇಳಿಯುವ ಮುನ್ನ ಆ ಮಗುವಿನ ಕಿವಿ ಪರೀಕ್ಷೆಯಾಗಬೇಕು, ಪ್ರತಿ ಸುತ್ತಿಗೂ ಮತ್ತೆ ಆಗಬೇಕು. ಅವಳು ಇನ್ನೂ ಸಹಿ ಹಾಕಿಲ್ಲ.

ಇಂತಿ,
ನೀವು ನೇಮಿಸದ ಹುದ್ದೆಗೆ ಇಂದು ರಾಜೀನಾಮೆ ಕೊಟ್ಟಿರುವ
ಒಬ್ಬ ತಾತ, ಹಳೆಯ ಬಿ.ಎ.