ಹಳ್ಳದ ಈಚೆ ದಂಡೆಗೂ ಸಿಡಿಲು ಬೀಳುತ್ತದೆ

ಮಾನ್ಯರೇ,

ಗುಡುಗು ಸಿಡಿಲಿನ ಮುನ್ಸೂಚನೆ ಹೊರಡಿಸುವ ಕುರ್ಚಿಯಲ್ಲಿ ಈಗ ಯಾರು ಕುಳಿತಿದ್ದೀರೋ, ನಿಮಗೇ ಈ ಪತ್ರ. ಹೋದ ಬೇಸಿಗೆಯಲ್ಲಿ ನಿಮ್ಮ ಎಚ್ಚರಿಕೆ ಹಳ್ಳದ ಆಚೆ ದಂಡೆಯವರೆಗೆ ಬಂದು ನಿಂತುಬಿಟ್ಟಿತು. ಸಿಡಿಲು ನಿಲ್ಲಲಿಲ್ಲ. ಈಚೆ ದಂಡೆಯಲ್ಲಿ ನನ್ನ ಗಂಡ ಸತ್ತರು. ಗಂಡನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ ನಾನು. ನಿಮಗಾಗಿ ಬರೆಯುತ್ತೇನೆ: ಮಡೆಪ್ಪ. ಈ ವರ್ಷವೂ ಮೋಡ ಕಟ್ಟತೊಡಗಿದೆ. ಈಗ ಅದೇ ಕುರಿಗಳ ಹಿಂದೆ, ಅದೇ ಹಳ್ಳದ ದಂಡೆಯಲ್ಲಿ ಮಗ ಸತೀಶಕುಮಾರ ಇದ್ದಾನೆ. ನಯವಾಗಿ ಬರೆಯುವ ತಾಳ್ಮೆ ನನಗಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಕಾಗುಣಿತವನ್ನು ಮಗ ತಿದ್ದಿದ್ದಾನೆ, ಸಿಟ್ಟನ್ನು ತಿದ್ದಲು ನಾನು ಬಿಟ್ಟಿಲ್ಲ.

ನಮ್ಮದು ಔರಾದ ತಾಲೂಕಿನ ಎಕಂಬಾ. ನಮ್ಮ ಹೊಲದ ಕೆಳಗಿನ ಹಳ್ಳವೇ ರಾಜ್ಯದ ಗಡಿ, ಆಚೆ ಮಹಾರಾಷ್ಟ್ರ. ಅದು ಗಡಿಯೆಂದು ನಮಗೆ ನೆನಪಾಗುವುದೇ ಕಡಿಮೆ. ಬೇಸಿಗೆಯಲ್ಲಿ ಅದರಲ್ಲಿ ಪಾದ ಮುಳುಗುವಷ್ಟು ನೀರಿರುವುದಿಲ್ಲ. ಮಗಳು ವಿಶಾಖಾಳನ್ನು ಆಚೆಯ ಊರಿಗೇ ಕೊಟ್ಟಿದ್ದೇವೆ. ಸುಗ್ಗಿ ಮುಗಿದ ಮೇಲೆ ಆಚೆಯ ರೈತರು ಗೊಬ್ಬರಕ್ಕೆಂದು ನಮ್ಮ ಕುರಿಗಳನ್ನು ಕರೆಸಿ ತಮ್ಮ ಹೊಲದಲ್ಲಿ ಕೂಡಿಸಿಕೊಳ್ಳುತ್ತಾರೆ. ಆ ದಿನ ನನ್ನ ಗಂಡ ಕುರಿಗಳೊಂದಿಗೆ ಅಲ್ಲೇ ಇದ್ದರು. ಜೊತೆಗೆ ನಮ್ಮೂರಿನ ಅಮೀರ ಪಾಶಾ, ತನ್ನ ಆಡುಗಳೊಂದಿಗೆ. ಮಧ್ಯಾಹ್ನ ವಿಶಾಖಾಳ ಫೋನಿಗೆ ಮರಾಠಿಯಲ್ಲಿ ಎಚ್ಚರಿಕೆ ಬಂತು: ಸಿಡಿಲು, ಬಿರುಗಾಳಿ, ಆಲಿಕಲ್ಲು. ಅವಳ ತಾಲೂಕಿನ ಹೆಸರೂ ಅದರಲ್ಲಿತ್ತು. ಓದಿದವಳೇ ಅಪ್ಪನಿಗೆ ಫೋನ್ ಹಚ್ಚಿದಳು. ಪಕ್ಕದಲ್ಲೇ ಕೂತು ಕೇಳಿದ ಪಾಶಾ ನನಗೆ ಹೇಳಿದ್ದು ಇದು.

“ಅಪ್ಪಾ, ನಮ್ ತಾಲೂಕಿಗಿ ಸಿಡ್ಲಿಂದು ಮೆಸೇಜ್ ಬಂದದ. ಬಯಲಾಗ ನಿಂದರಬ್ಯಾಡ್ರಿ.”

“ನಮ್ ಬೀದರ ಕಡಿಂದು ಏನರೆ ಬಂದದೇನು?”

“ಇಲ್ಲಪ್ಪಾ. ಇದ್ರಾಗ ನಮ್ದಷ್ಟೇ ಅದ.”

“ಮತ್ತ ಚಿಂತಿ ಯಾಕ ಮಾಡ್ತಿ? ಹಳ್ಳ ದಾಟಿ ನಮ್ ಕಡಿ ಹೋಗ್ತೇನಿ.”

ತಮ್ಮ ಫೋನನ್ನೂ ತೆಗೆದು ನೋಡಿದರಂತೆ. ಏನೂ ಇರಲಿಲ್ಲ. ಹೊಲದ ಪಂಪಿನ ಕೋಣೆ ತೋರಿಸಿ ಪಾಶಾ ತಡೆದ: “ಇಲ್ಲೇ ಮೋಟರ್ ಖೋಲಿನಾಗ ಕೂಡೋಣ ಬರ್ರಿ, ಅಣ್ಣಾ.”

“ಇಷ್ಟು ಕುರಿ ನಿನ್ ಖೋಲಿನಾಗ ಹಿಡಸ್ತಾವೇನೋ? ಈ ಸಿಡ್ಲು ಮಹಾರಾಷ್ಟ್ರದ್ದು, ಪಾಶಾ. ಹಳ್ಳ ದಾಟಬೇಕಂದ್ರ ಅದಕ್ಕ ಪರ್ಮಿಟ್ ಬೇಕಾಗ್ತದ!”

ನಗುತ್ತಲೇ ಸಿಳ್ಳು ಹಾಕಿ ಕುರಿ ಎಬ್ಬಿಸಿದರು. ಪಾಶಾನ ಆಡುಗಳು ಏಳಲಿಲ್ಲ. ಅವನು ಆಚೆಯೇ ಉಳಿದ, ಬದುಕಿದ. ಇವರು ಹಳ್ಳ ದಾಟಿ ನಮ್ಮ ಹೊಲದ ಬದು ಏರುತ್ತಿದ್ದಂತೆ ಬಿತ್ತು. ಇವರೂ, ಮುಂದೆ ನಡೆಯುತ್ತಿದ್ದ ಟಗರೂ ಎದ್ದೇಳಲಿಲ್ಲ.

ಮಾನ್ಯರೇ, ಸಿಡಿಲಿಗೆ ಸತ್ತವರೆಲ್ಲ ಎಚ್ಚರಿಕೆಯನ್ನು ಲೆಕ್ಕಿಸದ ಹಳ್ಳಿಗರು ಎಂದು ನೀವು ಭಾಷಣ ಮಾಡುತ್ತೀರಲ್ಲ? ನನ್ನ ಗಂಡ ನಿಮ್ಮ ಮಾತು ಮೀರಿ ಸಾಯಲಿಲ್ಲ. ನಿಮ್ಮ ಮಾತು ಕೇಳಿ ಸತ್ತರು. ಎಚ್ಚರಿಕೆ ಇದ್ದ ಜಾಗ ಬಿಟ್ಟು, ಇಲ್ಲದ ಜಾಗಕ್ಕೆ ಬಂದರು. ಇದಕ್ಕಿಂತ ವಿಧೇಯ ಪ್ರಜೆ ನಿಮಗೆ ಎಲ್ಲಿ ಸಿಕ್ಕಾನು? ಸಂಜೆ ಔರಾದಿನ ದವಾಖಾನೆಯ ಬಾಗಿಲಲ್ಲಿ ಕೂತಿದ್ದಾಗ ನನ್ನ ಮಡಿಲಲ್ಲಿದ್ದ ಅವರ ಫೋನು ಗುಂಯ್‌ಗುಟ್ಟಿತು. “ಸಾರ್ವಜನಿಕರು ಬಯಲಿನಲ್ಲಿ ನಿಲ್ಲಬಾರದು, ಸುರಕ್ಷಿತ ಸ್ಥಳದಲ್ಲಿ ಆಶ್ರಯ ಪಡೆಯತಕ್ಕದ್ದು.” ಎಂಥ ಶುದ್ಧ ಕನ್ನಡ! ಅವರು ಆಗಲೇ ಆಶ್ರಯ ಪಡೆದಿದ್ದರು. ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು.

ಕೇಳೋಣವೆಂದು ಬೀದರಿಗೆ ಬಂದು ನಿಮ್ಮವರೊಬ್ಬರ ಮುಂದೆ ನಿಂತೆ. ಅವರು ದೊಡ್ಡ ಪರದೆಯ ಮೇಲೆ ನಕಾಶೆ ತೆರೆದರು. ಕಾಬೂಲಿನಿಂದ ಬರ್ಮಾದವರೆಗೆ, ಖಂಡವೇ ಅದರಲ್ಲಿತ್ತು. ಎಲ್ಲೋ ಮರಳುಗಾಡಿನಲ್ಲಿ ಕಾದ ಗಾಳಿ, ಎಲ್ಲೋ ಸಮುದ್ರದ ಮೇಲಿನ ಹಸಿ ಗಾಳಿ, ಎರಡೂ ಕೂಡಿ ನಮ್ಮ ತಲೆಯ ಮೇಲೆ ಹೇಗೆ ಮೋಡವಾಗುತ್ತವೆ ಎಂದು ವಿವರಿಸಿದರು. ಸುಳ್ಳು ಹೇಳುವುದಿಲ್ಲ, ನಾನು ಬೆರಗಾದೆ. ಆಮೇಲೆ ಆ ದಿನದ ಚಿತ್ರ ತೋರಿಸಿದರು. ಎಚ್ಚರಿಕೆಯ ಕಿತ್ತಳೆ ಬಣ್ಣ ನಮ್ಮ ಹಳ್ಳದವರೆಗೆ ಬಂದು, ಕತ್ತರಿ ಹಾಕಿದ ಹಾಗೆ ನಿಂತಿತ್ತು.

“ಇಲ್ಲಿಗಿ ಯಾಕ ನಿಂತದ್ರಿ ಸಾಹೇಬ್ರ? ಮೋಡ ನಿಂತಿತ್ತೇನು?”

“ಹಳ್ಳದ ಆಚೆ ಬ್ಯಾರೆ ಕಚೇರಿ ವ್ಯಾಪ್ತಿ, ಅಮ್ಮಾ. ಮುಂಜಾನಿ ನಾವೂ ಹೇಳಿದ್ವಿ ನೋಡ್ರಿ, ಜಿಲ್ಲಾದ ಒಂದೆರಡು ಕಡೆ ಗುಡುಗು ಅಂತ. ಮುನ್ಸೂಚನೆ ಸರಿಯಾಗೇ ಇತ್ತು.”

ಒಂದೆರಡು ಕಡೆ! ಭಾಲ್ಕಿಯೂ ಇದೇ ಜಿಲ್ಲೆಯಲ್ಲಿದೆ, ಔರಾದೂ ಇದೇ ಜಿಲ್ಲೆಯಲ್ಲಿದೆ. ಬೇಸಿಗೆಯಿಡೀ ದಿನಾ ಬೆಳಿಗ್ಗೆ ಅದೇ ಒಂದೆರಡು ಕಡೆ. ಅದನ್ನು ನಂಬಿದರೆ ಕುರಿ ಮೇಯಿಸುವುದು ಯಾವಾಗ? ಸಿಡಿಲು ಯಾವ ಗಿಡಕ್ಕೆ ಬೀಳುತ್ತದೆಂದು ಹೇಳಿ ಎಂದು ನಾನು ಕೇಳುತ್ತಿಲ್ಲ. ಅದು ಬಲು ಕಷ್ಟದ ವಿದ್ಯೆ ಎಂದು ಒಪ್ಪುತ್ತೇನೆ. ಆದರೆ ಆ ಮಧ್ಯಾಹ್ನ ನಿಮ್ಮ ವಿದ್ಯೆ ಗೆದ್ದಿತ್ತಲ್ಲ? ಮೋಡವನ್ನು ಕಂಡಿರಿ, ಆಚೆ ದಂಡೆಗೆ ಹೊತ್ತಿಗೆ ಸರಿಯಾಗಿ ಹೇಳಿದಿರಿ. ಖಂಡವನ್ನು ದಾಟಿ ಬಂದ ಎಚ್ಚರಿಕೆಗೆ ಒಂದು ಒಣ ಹಳ್ಳ ದಾಟಲು ಆಗಲಿಲ್ಲವೇ?

ಇನ್ನು ಇದರ ಹೊರೆ ಯಾರ ಮೇಲೆ ಬಿತ್ತು ಕೇಳಿ. ಮಣ್ಣಿಗೆ ಬಂದ ನನ್ನ ನಾದಿನಿ ಎಲ್ಲರೆದುರು ಅಂದಳು: “ಮಗಳ ಫೋನ್ ಬರದಿದ್ರ ಅಣ್ಣ ಅಲ್ಲೇ ಕೂಡ್ತಿದ್ದ. ಎಬ್ಬಿಸಿ ಕಳಿಸಿದ್ಲಲ್ಲ.” ನಾನು ಅವಳ ಬಾಯಿ ಮುಚ್ಚಿಸಿದೆ. ಆದರೆ ವಿಶಾಖಾ ಕೇಳಿಸಿಕೊಂಡಾಗಿತ್ತು.

ಮೊನ್ನೆ ಗಾಳಿ ಎದ್ದು ಕತ್ತಲು ಕವಿಯಿತು. ಸತೀಶಕುಮಾರ ಹಳ್ಳದ ಕಡೆಗಿದ್ದ, ಫೋನು ಹತ್ತುತ್ತಿರಲಿಲ್ಲ. ಆಲಿಕಲ್ಲು ಬಿದ್ದಷ್ಟು ಹೊತ್ತೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವನು ತೊಯ್ದು, ನಡುಗುತ್ತ, ಜೀವಂತ ಬಂದ. ಆಮೇಲೆ ಮಗಳಿಗೆ ಫೋನ್ ಮಾಡಿದೆ.

“ಮೆಸೇಜ್ ಬಂದಿತ್ತೇನ?”

“ಬಂದಿತ್ತವ್ವಾ.”

“ತಮ್ಮಗ ಹೇಳ್ಲಿಲ್ಲ ಯಾಕ?”

“ಏನಂತ ಹೇಳ್ಲಿ? ಅಲ್ಲೇ ಇರು ಅನ್ಲೋ, ಬಾ ಅನ್ಲೋ? ಅಪ್ಪಗ ಹೇಳಿದ್ದೇ ಸಾಕಾಗೇದ. ನನ್ನ ಕೇಳಬ್ಯಾಡವ್ವಾ.”

ನಮಗೆ ಇದ್ದದ್ದು ಅದೊಂದೇ ಎಚ್ಚರಿಕೆ. ಅದೂ ಬಾಯಿ ಮುಚ್ಚಿತು.

ಆದ್ದರಿಂದ ಕೇಳುತ್ತೇನೆ, ಇದು ವಿನಂತಿಯಲ್ಲ. ಎರಡೂ ಕಡೆಯ ಕಚೇರಿಯವರು ಒಂದೇ ಮೇಜಿಗೆ ಕೂಡಿರಿ. ಮೋಡ ಹೋಗುವ ದಾರಿ ನೋಡಿ ಎಚ್ಚರಿಕೆ ಕೊಡಿ. ಎರಡೂ ದಂಡೆಯ ಊರುಗಳ ಹೆಸರು ಹಾಕಿ, ಎರಡೂ ಭಾಷೆಯಲ್ಲಿ, ಎರಡೂ ದಂಡೆಯ ಫೋನುಗಳಿಗೆ ಒಂದೇ ಗಳಿಗೆಯಲ್ಲಿ ಕಳಿಸಿ. ಮಿರಗದ ಮುಂಗಾರು ಮಳೆ ಬರುವ ತನಕ ಕಾಯಬೇಡಿ. ಸಾಯಿಸುವ ಸಿಡಿಲು ಅದಕ್ಕೂ ಮೊದಲೇ ಬರುತ್ತದೆ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ವಿಶಾಖಾ ತವರಿಗೆ ಫೋನ್ ಮಾಡಿ ಏನು ಅಡುಗೆ ಎಂದು ಕೇಳಲಿ, ತನ್ನ ನಾದಿನಿಯ ಮೇಲೆ ದೂರು ಹೇಳಲಿ, ತಮ್ಮನನ್ನು ಬೈಯಲಿ. ಸಿಡಿಲಿನ ಸುದ್ದಿ ಹೇಳುವುದು ನಿಮ್ಮ ಕೆಲಸ. ಅದನ್ನು ನನ್ನ ಮಗಳಿಂದ ಮಾಡಿಸಬೇಡಿ.

ಇಂತಿ,
ಗಂಡನ ಫೋನನ್ನು ಇಂದಿಗೂ ಚಾರ್ಜಿಗೆ ಹಾಕುವ
ಕಾಂತಾಬಾಯಿ
ಎಕಂಬಾ, ಔರಾದ ತಾಲೂಕು